ಚೀಟಿಯಿಲ್ಲದ ಪೆಟ್ಟಿಗೆ: ಕಾರವಾರದ ಟಿ. ಆರ್. ಬೆಲ್ ಅವರ ಬದುಕನ್ನು ತರಗತಿಗೆ ಒಯ್ದ ಅನುಭವ

ಶಾಲಾನುಭವ ಕಾರ್ಯಕ್ರಮಕ್ಕೆ ನನಗೆ ಸಿಕ್ಕಿದ್ದು ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡಿರುವ ಒಂದು ಪ್ರೌಢಶಾಲೆ. ಕಿಟಕಿ ತೆರೆದರೆ ಲೇಥ್ ಯಂತ್ರದ ಸದ್ದು, ಮುಚ್ಚಿದರೆ ಸೆಕೆ. ಮಕ್ಕಳ ತಂದೆ ತಾಯಿಯರಲ್ಲಿ ಹೆಚ್ಚಿನವರು ಸುತ್ತಲಿನ ವರ್ಕ್‌ಶಾಪುಗಳಲ್ಲಿ, ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವವರು. ನನ್ನ ಪಾಲಿಗೆ ಬಂದದ್ದು ಒಂಬತ್ತನೆಯ ತರಗತಿಯ ಜೀವವಿಜ್ಞಾನ, ಅದರಲ್ಲೂ ಜೀವಿಗಳ ವರ್ಗೀಕರಣ.

ಈ ಪಾಠ ಒಣ ಪಾಠ ಎಂದು ನಮ್ಮ ಹಿಂದಿನ ತಂಡದವರು ಎಚ್ಚರಿಸಿದ್ದರು. ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ ಎಂದು ಬಾಯಿಪಾಠ ಮಾಡಿಸಿದರೆ ಮುಗಿಯಿತು. ಹಾಗೆ ಮಾಡಬಾರದೆಂದು ನಾನು ಕಾಲೇಜಿನ ಪ್ರಯೋಗಾಲಯದಿಂದ ಹಳೆಯ ಚಿಟ್ಟೆ ಪೆಟ್ಟಿಗೆಯೊಂದನ್ನು ಕೇಳಿ ಪಡೆದೆ. ಗಾಜಿನ ಮುಚ್ಚಳದ ಮರದ ಪೆಟ್ಟಿಗೆ, ಒಳಗೆ ನುಸಿಗುಳಿಗೆಯ ವಾಸನೆ, ಗುಂಡುಸೂಜಿಗೆ ಚುಚ್ಚಿದ 30ಕ್ಕೂ ಹೆಚ್ಚು ಚಿಟ್ಟೆಗಳು. ಯಾವುದಕ್ಕೂ ಚೀಟಿ ಇರಲಿಲ್ಲ. ಯಾರು ಹಿಡಿದರು, ಎಲ್ಲಿ, ಯಾವಾಗ ಎಂಬುದು ಒಂದಕ್ಕೂ ಗೊತ್ತಿರಲಿಲ್ಲ. ಆಗ ಅದು ನನಗೆ ಕೊರತೆ ಎನಿಸಲೂ ಇಲ್ಲ.

ಚಟುವಟಿಕೆ ಸರಳವಾಗಿತ್ತು. ಮಕ್ಕಳು ಗುಂಪಾಗಿ ಕುಳಿತು ಚಿಟ್ಟೆಗಳನ್ನು ವಿಂಗಡಿಸಬೇಕು, ಕಾರಣ ಬರೆಯಬೇಕು. ಸರಿಯುತ್ತರವನ್ನು ನಾನು ಮೊದಲೇ ಪಾಠಯೋಜನೆಯಲ್ಲಿ ಬರೆದುಕೊಂಡಿದ್ದೆ. ಎರಡನೇ ಬೆಂಚಿನ ಒಬ್ಬ ಹುಡುಗಿ ಕಪ್ಪು ರೆಕ್ಕೆಯ ಮೇಲೆ ಕೆಂಪು ಚುಕ್ಕೆಗಳಿದ್ದ ಚಿಟ್ಟೆಯೊಂದನ್ನು ಕೆಂಪು ಚುಕ್ಕೆಯ ಇತರ ಚಿಟ್ಟೆಗಳ ಜೊತೆಗಿಡದೆ, ಬಿಳಿ ಪಟ್ಟೆಯ ಕಪ್ಪು ಚಿಟ್ಟೆಗಳ ಸಾಲಿಗೆ ಸೇರಿಸಿದ್ದಳು. ನಾನು ಅವಳ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದೆ. ಉಳಿದವುಗಳ ಮೈ ಕೆಂಪಗಿದೆ, ಇದರ ಮೈ ಕಪ್ಪಗಿದೆ ಮಿಸ್ ಎಂದು ಅವಳು ಹೇಳಿದಳು. ರೆಕ್ಕೆ ನೋಡಬೇಕು, ಮೈ ಅಲ್ಲ ಎಂದು ನಾನು ಹೇಳಿದೆ. ಅವಳು ಮತ್ತೆ ಮಾತಾಡಲಿಲ್ಲ.

ಹಿಂದಿನ ಬೆಂಚಿನಲ್ಲಿ ಕುಳಿತು ವೀಕ್ಷಣಾ ನಮೂನೆ ತುಂಬುತ್ತಿದ್ದ ಮಾರ್ಗದರ್ಶಕ ಶಿಕ್ಷಕಿಯವರು ಪಾಠ ಮುಗಿದ ಮೇಲೆ ನನಗೆ ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಸರಿಯುತ್ತರ ಸರಿ ಎಂದು ನಿಮಗೆ ಹೇಗೆ ಗೊತ್ತಾಯಿತು? ನನ್ನಲ್ಲಿ ಉತ್ತರವಿರಲಿಲ್ಲ. ಬಣ್ಣ ನೋಡಿ ಅಂದುಕೊಂಡಿದ್ದೆ, ಅಷ್ಟೆ.

ಆ ಸಂಜೆ ಪುಸ್ತಕಗಳನ್ನು ತೆಗೆದು ನೋಡಿದಾಗ ತಪ್ಪು ನನ್ನದೆಂದು ತಿಳಿಯಿತು. ಕೆಂಪು ಮೈಯವು ಕಾಮನ್ ರೋಸ್ ಮತ್ತು ಕ್ರಿಮ್ಸನ್ ರೋಸ್. ಕಪ್ಪು ಮೈಯದು ಕಾಮನ್ ಮಾರ್ಮನ್ ಎಂಬ ಚಿಟ್ಟೆಯ ಹೆಣ್ಣು. ಬಿಳಿ ಪಟ್ಟೆಯದು ಅದೇ ಚಿಟ್ಟೆಯ ಗಂಡು. ರೋಸ್ ಚಿಟ್ಟೆಗಳ ಮರಿಹುಳುಗಳು ಈಶ್ವರಿ ಬಳ್ಳಿಯನ್ನು ತಿಂದು ಅದರ ವಿಷವನ್ನು ಮೈಯಲ್ಲಿ ಉಳಿಸಿಕೊಳ್ಳುತ್ತವೆ, ಆದ್ದರಿಂದ ಹಕ್ಕಿಗಳು ಅವುಗಳನ್ನು ದೂರವಿಡುತ್ತವೆ. ನಿಂಬೆ, ಕರಿಬೇವು ತಿಂದು ಬೆಳೆಯುವ ಮಾರ್ಮನ್‌ಗೆ ಆ ವಿಷವಿಲ್ಲ. ಆದರೆ ಅದರ ಕೆಲವು ಹೆಣ್ಣುಗಳು ರೋಸ್ ಚಿಟ್ಟೆಯ ವೇಷ ತೊಟ್ಟು ಹಕ್ಕಿಗಳಿಂದ ಪಾರಾಗುತ್ತವೆ. ಹಕ್ಕಿಗಳು ಮೋಸಹೋಗುವ ವೇಷಕ್ಕೆ ನಾನೂ ಮೋಸಹೋಗಿದ್ದೆ. ಹುಡುಗಿ ಹೋಗಿರಲಿಲ್ಲ.

ನಮ್ಮ ನಾಡಿನ ಯಾವ ಚಿಟ್ಟೆ ಯಾವ ಗಿಡ ತಿನ್ನುತ್ತದೆ ಎಂಬುದನ್ನು ಮೊದಲು ಕಂಡುಕೊಂಡವರು ಯಾರು ಎಂದು ಹುಡುಕುತ್ತ ಹೋದಾಗ ಒಂದು ಹೆಸರು ಮತ್ತೆ ಮತ್ತೆ ಬಂತು. ಅದು ಟಿ. ಆರ್. ಬೆಲ್. ಚಿಟ್ಟೆ ಅಧ್ಯಯನ ಮಾಡುವವರಿಗೆಲ್ಲ ಪರಿಚಿತವಾದ ಹೆಸರು, ನಮ್ಮ ವಿಜ್ಞಾನ ಶಿಕ್ಷಕರಲ್ಲಿ ಮಾತ್ರ ಅಷ್ಟಾಗಿ ಕೇಳಿಬರದ ಹೆಸರು. ಮುಂದಿನ ಎರಡು ತರಗತಿಗಳಲ್ಲಿ ನಾನು ಅವರ ಜೀವನವನ್ನೇ ಪಾಠವಾಗಿ ಹೇಳಿದೆ. ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾರವಾರಕ್ಕೆ ಬಂದ ಅರಣ್ಯಾಧಿಕಾರಿ

ಥಾಮಸ್ ರೀಡ್ ಡೇವಿಸ್ ಬೆಲ್ ಹುಟ್ಟಿದ್ದು 1863ರ ಮೇ 2ರಂದು, ಐರ್ಲೆಂಡಿನ ಕಾರ್ಕ್ ಪ್ರಾಂತ್ಯದ ಬ್ಯಾಂಡನ್ ಎಂಬ ಊರಿನಲ್ಲಿ. 1884ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಭಾರತಕ್ಕೆ ಬಂದು ಅರಣ್ಯ ಇಲಾಖೆಯ ಕೆಲಸಕ್ಕೆ ಸೇರಿದರು. ಧಾರವಾಡದ ಕಡೆ ಕೆಲಸ ಮಾಡಿ ಕಾರವಾರಕ್ಕೆ ಬಂದರು. ಆಗ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯದ ಭಾಗ. ಒಂದು ಕಡೆ ಕಡಲು, ಇನ್ನೊಂದು ಕಡೆ ಕಾಳಿ ನದಿಯ ಕಣಿವೆ, ಹಿಂದೆ ಘಟ್ಟದ ದಟ್ಟ ಕಾಡು. ಚಿಟ್ಟೆಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ.

ಕಾರವಾರದಲ್ಲಿ ಅವರಿಗೆ ಇಬ್ಬರು ಜೊತೆಯಾದರು. ಒಬ್ಬರು ಜಿಲ್ಲೆಯ ಕಲೆಕ್ಟರ್ ಆಗಿದ್ದ ಜೆ. ಡೇವಿಡ್‌ಸನ್. ಇನ್ನೊಬ್ಬರು ಉಪ್ಪು ಮತ್ತು ಸುಂಕದ ಇಲಾಖೆಯ ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕನ್. ಏಟ್ಕನ್ ಸಾತಾರದಲ್ಲಿ 1851ರಲ್ಲಿ ಹುಟ್ಟಿದವರು, 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಕಟ್ಟಿದವರಲ್ಲಿ ಒಬ್ಬರು, ಈಹಾ ಎಂಬ ಹೆಸರಿನಲ್ಲಿ ಪ್ರಾಣಿ ಪಕ್ಷಿಗಳ ಬಗ್ಗೆ ತಿಳಿಹಾಸ್ಯದ ಪುಸ್ತಕಗಳನ್ನು ಬರೆದವರು. ಮೂವರ ಕಚೇರಿಗಳು ಬೇರೆ, ಕೆಲಸಗಳು ಬೇರೆ. ಒಬ್ಬರಿಗೆ ಕಂದಾಯ, ಒಬ್ಬರಿಗೆ ಉಪ್ಪು, ಒಬ್ಬರಿಗೆ ಮರ. ಆದರೆ ಮೂವರಿಗೂ ಒಂದೇ ಹುಚ್ಚು.

ಈ ಹುಚ್ಚಿನಲ್ಲಿ ಒಂದು ವಿಶೇಷವಿತ್ತು. ಆ ಕಾಲದ ಎಷ್ಟೋ ಸಂಗ್ರಾಹಕರು ಬಲೆ ಹಿಡಿದು ಚಿಟ್ಟೆಯ ಹಿಂದೆ ಓಡುತ್ತಿದ್ದರು. ಈ ಮೂವರು ಗಿಡದ ಎಲೆ ಮಗುಚಿ ಮೊಟ್ಟೆ, ಮರಿಹುಳುಗಳನ್ನು ಹುಡುಕಿದರು. ಸಿಕ್ಕ ಹುಳುವನ್ನು ಅದೇ ಗಿಡದ ಸೊಪ್ಪು ಹಾಕಿ ಸಾಕಿದರು, ಅದು ಪೊರೆ ಕಳಚುವುದನ್ನು, ಕೋಶ ಕಟ್ಟುವುದನ್ನು ಬರೆದಿಟ್ಟುಕೊಂಡರು, ಕೊನೆಗೆ ಹೊರಬಂದ ಚಿಟ್ಟೆ ಯಾವುದೆಂದು ನೋಡಿದರು. ಇದು ನಿಧಾನದ ಕೆಲಸ. ಸೊಪ್ಪು ಒಣಗಿದರೆ ಹುಳು ಸಾಯುತ್ತದೆ, ಇರುವೆ ಬಂದರೆ ಸಾಯುತ್ತದೆ, ಪರಾವಲಂಬಿ ಕಣಜ ಮೊದಲೇ ಮೊಟ್ಟೆ ಇಟ್ಟಿದ್ದರೆ ಚಿಟ್ಟೆಯ ಬದಲು ಕಣಜ ಹೊರಬರುತ್ತದೆ.

ಹೀಗೆ ವರ್ಷಗಟ್ಟಲೆ ಸಾಕಿ ನೋಡಿದ ಫಲವಾಗಿ ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆಗಳ ಬಗೆಗಿನ ಅವರ ದೊಡ್ಡ ಪ್ರಬಂಧ 1896ರಿಂದ ಸೊಸೈಟಿಯ ಪತ್ರಿಕೆಯಲ್ಲಿ ಕಂತುಗಳಾಗಿ ಬಂತು. ಡೇವಿಡ್‌ಸನ್, ಬೆಲ್, ಏಟ್ಕನ್ ಎಂದು ಮೂರು ಹೆಸರುಗಳು ಅದರ ಮೇಲಿವೆ. ನಮ್ಮ ಒಂದು ಜಿಲ್ಲೆಯ ಚಿಟ್ಟೆಗಳ ಮರಿಹುಳು, ಕೋಶ, ಆಹಾರದ ಗಿಡಗಳನ್ನು ಅಷ್ಟು ವಿವರವಾಗಿ ಒಂದೆಡೆ ತಂದ ಆ ಬರಹವನ್ನು ಇಂದಿಗೂ ಸಂಶೋಧಕರು ತೆರೆದು ನೋಡುತ್ತಾರೆ.

ಸೂಜಿಗೆ ಚುಚ್ಚಿದ ಚಿಟ್ಟೆ ಏನನ್ನು ಹೇಳುವುದಿಲ್ಲ

ಸಾಕಿ ನೋಡುವುದಕ್ಕೆ ಇಷ್ಟು ಮಹತ್ವ ಏಕೆ ಎಂದು ಮಕ್ಕಳಿಗೆ ತಿಳಿಸಲು ನಾನು ಇಲ್ಲಿ ಕಥೆಯನ್ನು ನಿಲ್ಲಿಸಿ ನೂರೈವತ್ತು ವರ್ಷ ಹಿಂದಕ್ಕೆ, ಸ್ವೀಡನ್ನಿಗೆ ಕರೆದೊಯ್ದೆ. ಪಠ್ಯಪುಸ್ತಕದಲ್ಲಿ ಮಕ್ಕಳು ಆಗಲೇ ಓದಿದ್ದ ಕಾರ್ಲ್ ಲಿನೇಯಸ್ ಅಲ್ಲಿದ್ದರು. 1758ರಲ್ಲಿ ಪ್ರಕಟವಾದ ಸಿಸ್ಟೆಮಾ ನೇಚುರೇ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ ಅವರು ಪ್ರಾಣಿಗಳಿಗೆಲ್ಲ ಎರಡು ಪದಗಳ ಹೆಸರು ಕೊಟ್ಟರು. ಲಿನೇಯಸ್ ಉಷ್ಣವಲಯದ ನೆಲವನ್ನು ಮೆಟ್ಟಿದವರಲ್ಲ. ನಮ್ಮ ಕಡೆಯ ಚಿಟ್ಟೆಗಳು ಅವರಿಗೆ ತಲುಪಿದ್ದು ಹಡಗಿನಲ್ಲಿ ಒಣಗಿಹೋಗಿ, ಸಂಗ್ರಹಗಳ ಪೆಟ್ಟಿಗೆಗಳಲ್ಲಿ.

ಪೆಟ್ಟಿಗೆಯಲ್ಲಿ ಕಂಡದ್ದನ್ನು ನೋಡಿ ಅವರು ಬಿಳಿ ಪಟ್ಟೆಯ ಗಂಡಿಗೆ ಪ್ಯಾಪಿಲಿಯೊ ಪ್ಯಾಮನ್ ಎಂದೂ, ಕೆಂಪು ಚುಕ್ಕೆಯ ಹೆಣ್ಣಿಗೆ ಪ್ಯಾಪಿಲಿಯೊ ಪಾಲಿಟಿಸ್ ಎಂದೂ ಹೆಸರಿಟ್ಟರು. ಒಂದೇ ಪುಸ್ತಕದಲ್ಲಿ ಗಂಡ ಹೆಂಡತಿ ಎರಡು ಪ್ರಭೇದವಾದರು. ಇದೇ ಹೆಣ್ಣಿನ ಇನ್ನೊಂದು ರೂಪ, ಕ್ರಿಮ್ಸನ್ ರೋಸ್ ಚಿಟ್ಟೆಯನ್ನು ಅನುಕರಿಸುವಂಥದ್ದು, ಡಚ್ಚರ ಪೀಟರ್ ಕ್ರೇಮರ್ ಅವರ ಕೈಗೆ ಸಿಕ್ಕಿ 1775ರಲ್ಲಿ ರೋಮ್ಯುಲಸ್ ಎಂಬ ಮೂರನೆಯ ಹೆಸರು ಪಡೆಯಿತು. ನಮ್ಮ ಹಿತ್ತಲಿನ ಕರಿಬೇವಿನ ಗಿಡದ ಒಂದು ಚಿಟ್ಟೆಗೆ ಯುರೋಪಿನಲ್ಲಿ ಮೂರು ಪ್ರಭೇದಗಳ ಸ್ಥಾನ!

ಇಂಥದ್ದು ಒಂದೇ ಅಲ್ಲ. ಬೆಂಗಳೂರಿನ ಹುಲ್ಲುಗಾವಲುಗಳಲ್ಲೂ ಕಾಣುವ, ರೆಕ್ಕೆಯ ಮೇಲೆ ನವಿಲುಗಣ್ಣಿರುವ ಪೀಕಾಕ್ ಪ್ಯಾನ್ಸಿ ಎಂಬ ಕಿತ್ತಳೆ ಬಣ್ಣದ ಚಿಟ್ಟೆಗೆ ಮಳೆಗಾಲದಲ್ಲಿ ಒಂದು ರೂಪ, ಒಣಗಾಲದಲ್ಲಿ ಇನ್ನೊಂದು. ಒಣಗಾಲದ್ದು ರೆಕ್ಕೆ ಮುಚ್ಚಿದರೆ ಥೇಟ್ ತರಗೆಲೆ. ಲಿನೇಯಸ್ ಒಂದಕ್ಕೆ ಆಲ್ಮಾನ ಎಂದರು, ಇನ್ನೊಂದಕ್ಕೆ ಆಸ್ಟೀರಿ ಎಂದರು. ಸೂಜಿಗೆ ಚುಚ್ಚಿದ ಚಿಟ್ಟೆ ತಾನು ಯಾವ ತಿಂಗಳಲ್ಲಿ ಹಾರುತ್ತಿತ್ತು ಎಂದು ಹೇಳುವುದಿಲ್ಲವಲ್ಲ. 1880ರ ದಶಕದಲ್ಲಿ ಕಲ್ಕತ್ತೆಯ ಲಯನಲ್ ಡಿ ನೈಸ್‌ವಿಲ್ ಇಂತಹ ಚಿಟ್ಟೆಗಳನ್ನು ಸಾಕಿ, ಒಂದೇ ಪ್ರಭೇದ ಋತುವಿಗೆ ತಕ್ಕ ಹಾಗೆ ರೂಪ ಬದಲಿಸುತ್ತದೆ ಎಂದು ತೋರಿಸಿದರು.

ಇಷ್ಟು ಕೇಳಿದ ಮೇಲೆ ಮಕ್ಕಳಿಗೆ ಲಿನೇಯಸ್ ದಡ್ಡ ಎನಿಸಿಬಿಡಬಾರದು. ಅದಕ್ಕಾಗಿ ಆಲ್ಫ್ರೆಡ್ ರಸೆಲ್ ವಾಲೇಸ್ ಅವರನ್ನೂ ತಂದೆ. ಮಲಯ ದ್ವೀಪಸಮೂಹದಲ್ಲಿ ಎಂಟು ವರ್ಷ ತಿರುಗಿ ರಾಶಿ ರಾಶಿ ಮಾದರಿಗಳನ್ನು ಕೂಡಿಸಿದ ವಾಲೇಸ್, 1865ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಇಂತಹ ಬೇರೆ ಬೇರೆ ರೂಪಗಳು ಒಂದೇ ಪ್ರಭೇದದ ಹೆಣ್ಣುಗಳು ಎಂದು ವಿವರಿಸಿದರು. ಕೆಂಪು ಚುಕ್ಕೆಯವೆಲ್ಲ ಹೆಣ್ಣೇ ಆಗಿದ್ದರೆ, ಅವುಗಳ ಗಂಡೆಲ್ಲಿ ಎಂದು ಕೇಳಬೇಕಲ್ಲ? ವಾಲೇಸ್ ಕೂಡ ಸಂಗ್ರಹದ ಮಾದರಿಗಳನ್ನೇ ನೋಡಿದ್ದು. ವ್ಯತ್ಯಾಸವೆಂದರೆ ಅವರ ಮಾದರಿಗಳು ಒಂದೆರಡಲ್ಲ, ಯಾವ ದ್ವೀಪದ್ದು ಎಂಬುದು ಅವರಿಗೆ ಗೊತ್ತಿತ್ತು, ಅವುಗಳನ್ನು ಜೀವಂತವಾಗಿಯೂ ಅವರು ಕಂಡಿದ್ದರು. ಆದ್ದರಿಂದ ತಪ್ಪು ಮ್ಯೂಸಿಯಮ್ಮಿನದಲ್ಲ. ಒಂದೇ ಒಂದು ಚಿಟ್ಟೆ, ಅದರ ಹಿಂದಿನ ಬದುಕಿನ ಬಗ್ಗೆ ಒಂದು ಸಾಲೂ ಇಲ್ಲ ಎಂದಾಗ ಯಾರೇ ಆದರೂ ಎಡವುತ್ತಾರೆ.

ಆ ಒಂದು ಸಾಲನ್ನು ಸೇರಿಸುವ ಕೆಲಸಕ್ಕೆ ಬೆಲ್ ತಮ್ಮ ಆಯುಷ್ಯ ಕೊಟ್ಟರು.

ಹದಿನೆಂಟು ವರ್ಷದ ಲೇಖನಮಾಲೆ

ಜೊತೆಗಾರರಲ್ಲಿ ಏಟ್ಕನ್ ಕೊನೆಗೆ ಸ್ವದೇಶಕ್ಕೆ ಮರಳಿ 1909ರಲ್ಲಿ ಎಡಿನ್‌ಬರೋದಲ್ಲಿ ತೀರಿಕೊಂಡರು. ಬೆಲ್ ಕೆಲಸ ಮುಂದುವರಿಸಿದರು. ಅದೇ 1909ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಭಾರತದ ಬಯಲುಸೀಮೆಯ ಸಾಮಾನ್ಯ ಚಿಟ್ಟೆಗಳ ಬಗ್ಗೆ ಅವರ ಲೇಖನಮಾಲೆ ಆರಂಭವಾಗಿ 1927ರವರೆಗೆ ಬಂತು. ಶೀರ್ಷಿಕೆಯಲ್ಲಿರುವ ಸಾಮಾನ್ಯ ಎಂಬ ಪದವನ್ನು ನಾನು ತರಗತಿಯಲ್ಲಿ ಒತ್ತಿ ಹೇಳಿದೆ. ಅಪರೂಪದ ಚಿಟ್ಟೆ ಹಿಡಿದು ಹೆಸರು ಮಾಡುವ ಆಸೆ ಅನೇಕರಿಗಿತ್ತು. ಬೆಲ್ ಎಲ್ಲರ ಕಣ್ಣೆದುರು ಹಾರುವ ಚಿಟ್ಟೆಯ ಮೊಟ್ಟೆ ಹೇಗಿದೆ, ಹುಳು ಎಲೆಯ ಯಾವ ಕಡೆ ಕೂರುತ್ತದೆ, ಕೋಶ ಯಾವುದಕ್ಕೆ ನೇತುಬೀಳುತ್ತದೆ, ಚಿಟ್ಟೆ ಬಿಸಿಲಿಗೆ ಹಾರುತ್ತದೋ ನೆರಳಿಗೋ ಎಂಬುದನ್ನೆಲ್ಲ ಬರೆದರು. ನೀಲಿ ಚಿಟ್ಟೆಗಳ ಗುಂಪಿನ ಎಷ್ಟೋ ಮರಿಹುಳುಗಳು ಸಿಹಿರಸ ಒಸರುತ್ತವೆ, ಇರುವೆಗಳು ಆ ರಸಕ್ಕಾಗಿ ಅವುಗಳನ್ನು ಮುತ್ತಿಕೊಂಡು ಕಾಯುತ್ತವೆ. ಈ ಸಂಬಂಧವನ್ನೂ ಅವರು ಗಮನಿಸಿ ದಾಖಲಿಸಿದರು.

ಮುಂದೆ 1957ರಲ್ಲಿ ಎಂ. ಎ. ವಿಂಟರ್-ಬ್ಲೈತ್ ಭಾರತದ ಚಿಟ್ಟೆಗಳ ಕೈಪಿಡಿ ಬರೆದಾಗ ಮರಿಹುಳು, ಆಹಾರದ ಗಿಡಗಳ ಮಾಹಿತಿಗೆ ಬೆಲ್ ಅವರ ಕೆಲಸವೇ ದೊಡ್ಡ ಆಧಾರವಾಯಿತು. ಅದೇ ಕಾಲದಲ್ಲಿ ಡಬ್ಲ್ಯು. ಎಚ್. ಎವಾನ್ಸ್ ಎಂಬ ಸೇನಾಧಿಕಾರಿ ಭಾರತದ ಚಿಟ್ಟೆಗಳನ್ನು ರೆಕ್ಕೆಯ ಗುರುತುಗಳಿಂದ ಪತ್ತೆಹಚ್ಚುವ ಕೀಲಿಗಳನ್ನು ರಚಿಸಿ 1927ರಲ್ಲಿ ಪುಸ್ತಕವಾಗಿ ತಂದಿದ್ದರು. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ನಮ್ಮ ಪಾಠದ ಎರಡು ಪದಗಳ ಅರ್ಥ ಬಿಡಿಯಾಗಿ ಕಾಣುತ್ತದೆ. ಕೈಯಲ್ಲಿರುವ ಚಿಟ್ಟೆಗೆ ಈಗಾಗಲೇ ಇರುವ ಹೆಸರನ್ನು ಹುಡುಕುವುದು ಗುರುತಿಸುವಿಕೆ. ಯಾವುದು ಯಾವುದಕ್ಕೆ ಬಂಧು ಎಂದು ತೀರ್ಮಾನಿಸುವುದು ವರ್ಗೀಕರಣ. ಮೊದಲನೆಯದಕ್ಕೆ ರೆಕ್ಕೆ ಸಾಕಾಗಬಹುದು. ಎರಡನೆಯದಕ್ಕೆ ಮೊಟ್ಟೆಯಿಂದ ಚಿಟ್ಟೆಯವರೆಗಿನ ಇಡೀ ಬದುಕು ಸಾಕ್ಷಿ ಹೇಳಬೇಕು. ನನ್ನ ಪಾಠಯೋಜನೆಯಲ್ಲಿ ನಾನು ಇವೆರಡನ್ನೂ ಒಂದೇ ಎಂದು ಬರೆದಿದ್ದೆ.

ಬೆಲ್ ಗಿಡಗಳನ್ನು ಬಲ್ಲವರಾಗದೆ ಈ ಕೆಲಸ ಆಗುತ್ತಿರಲಿಲ್ಲ. ಹುಳು ತಿನ್ನುವ ಗಿಡದ ಹೆಸರು ತಪ್ಪಾದರೆ ದಾಖಲೆಯೇ ತಪ್ಪು. ಎಲ್. ಜೆ. ಸೆಜ್‌ವಿಕ್ ಅವರ ಜೊತೆಗೂಡಿ ಬೆಲ್ ಸಂಗ್ರಹಿಸಿದ ಉತ್ತರ ಕನ್ನಡದ ಸಸ್ಯಗಳ ಒಣ ಮಾದರಿಗಳು ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನ ಬ್ಲಾಟರ್ ಹರ್ಬೇರಿಯಮ್ಮಿನಲ್ಲಿವೆ.

ಅವರ ಇಲಾಖೆಯ ಇನ್ನೊಂದು ಮುಖವನ್ನೂ ಮುಚ್ಚಿಡಲಿಲ್ಲ. ಬೆಲ್ ದುಡಿದ ಅರಣ್ಯ ಇಲಾಖೆ ಕಾಡನ್ನು ಸರ್ಕಾರದ ಸೊತ್ತಾಗಿಸಿ, ಸೊಪ್ಪು ಸೌದೆಗೆ ಕಾಡನ್ನು ನಂಬಿದ್ದ ರೈತರ ಮೇಲೆ ನಿರ್ಬಂಧ ಹೇರಿದ ಇಲಾಖೆ. ಆ ಅಸಮಾಧಾನ ಹೊಗೆಯಾಡಿ 1930ರಲ್ಲಿ ಅದೇ ಜಿಲ್ಲೆಯಲ್ಲಿ ಜಂಗಲ್ ಸತ್ಯಾಗ್ರಹ ನಡೆಯಿತು. ಬೆಲ್ ಕಾಡಿನಲ್ಲಿ ಬೇಕಾದಲ್ಲಿ ನಿಂತು ಎಲೆ ಮಗುಚಬಹುದಿತ್ತು. ಕಾಡಂಚಿನ ರೈತನಿಗೆ ಆ ಸ್ವಾತಂತ್ರ್ಯ ಇರಲಿಲ್ಲ. ಜೀವನಚರಿತ್ರೆ ಹೇಳುವಾಗ ಇದನ್ನು ಬಿಟ್ಟರೆ ಅದೂ ಚೀಟಿ ಕಿತ್ತ ಮಾದರಿಯೇ ಆಗುತ್ತದೆ ಎಂದು ನನಗನಿಸಿತು.

ಹಿಂದಿರುಗದ ಮನುಷ್ಯ

ಇಲಾಖೆಯ ಉನ್ನತ ಹುದ್ದೆಗೇರಿ ನಿವೃತ್ತರಾದ ಮೇಲೆ ಬೆಲ್ ಐರ್ಲೆಂಡಿಗೆ ಮರಳಿ ನೆಲೆಸಲಿಲ್ಲ. ಕಾರವಾರದಲ್ಲೇ ಉಳಿದರು. ಅವರ ಸಹೋದರಿಯೂ ಅವರ ಜೊತೆಗಿದ್ದರು. ಈಗ ಅವರ ಗಮನ ಹೆಚ್ಚಾಗಿ ಸಂಜೆ ಕತ್ತಲಲ್ಲಿ ಹೂವಿನ ಮುಂದೆ ರೆಕ್ಕೆ ಬಡಿಯುತ್ತ ನಿಂತಲ್ಲೇ ಮಕರಂದ ಹೀರುವ ಹಾಕ್ ಪತಂಗಗಳ ಕಡೆ ತಿರುಗಿತು. ಅವುಗಳನ್ನೂ ಚಿಟ್ಟೆಯಂತೆಯೇ ಹುಳುವಿನಿಂದ ಸಾಕಿದರು. ಎಫ್. ಬಿ. ಸ್ಕಾಟ್ ಅವರೊಂದಿಗೆ ಸೇರಿ ಬರೆದ ಈ ಪತಂಗಗಳ ಸಂಪುಟ, ಫಾನಾ ಆಫ್ ಬ್ರಿಟಿಷ್ ಇಂಡಿಯಾ ಮಾಲೆಯಲ್ಲಿ 1937ರಲ್ಲಿ ಪ್ರಕಟವಾದಾಗ ಬೆಲ್ ಅವರಿಗೆ 74 ವರ್ಷ. ಅದರಲ್ಲಿ ರೆಕ್ಕೆಯ ವರ್ಣನೆಯ ಪಕ್ಕದಲ್ಲೇ ಮೊಟ್ಟೆ, ಹುಳು, ಕೋಶಗಳ ವರ್ಣನೆಯೂ ಇದೆ. ಅವರ ಸಂಗ್ರಹದ ಮಾದರಿಗಳು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ ಸೇರಿವೆ. ಅಂದರೆ ಅವರು ಮ್ಯೂಸಿಯಮ್ಮಿಗೆ ಬೆನ್ನು ಹಾಕಿದವರಲ್ಲ. ಅಲ್ಲಿಗೆ ಹೋಗುವ ಚಿಟ್ಟೆ ತನ್ನ ಊರು, ತನ್ನ ಗಿಡ, ತನ್ನ ದಿನಾಂಕವನ್ನು ಜೊತೆಗೆ ಒಯ್ಯಬೇಕು ಎಂಬಂತೆ ಬಾಳಿದವರು.

1948ರ ಜೂನ್ 24ರಂದು ಕಾರವಾರದಲ್ಲಿ ಬೆಲ್ ತೀರಿಕೊಂಡರು. ವಯಸ್ಸು 85. ಭಾರತಕ್ಕೆ ಬಂದು 64 ವರ್ಷಗಳಾಗಿದ್ದವು. ದೇಶ ಸ್ವತಂತ್ರವಾಗಿ ಹತ್ತು ತಿಂಗಳಾಗಿತ್ತು.

ತರಗತಿಯಲ್ಲಿ ನಡೆದದ್ದು

ಕಥೆ ಆರಂಭಿಸುವ ಮೊದಲು ನಾನು ಆ ಹುಡುಗಿಯ ಹಾಳೆಯನ್ನು ಎತ್ತಿ ಹಿಡಿದು, ನಾನು ಎಳೆದ ಅಡ್ಡಗೆರೆ ತಪ್ಪು, ಅವಳು ಕೊಟ್ಟ ಕಾರಣ ಸರಿ ಎಂದು ಎಲ್ಲರೆದುರು ಹೇಳಿದೆ. ಹೇಳುವಾಗ ಮೈ ಬೆವರಿತ್ತು. ಅವಳು ಏನೂ ಹೇಳಲಿಲ್ಲ. ಆದರೆ ಬೆಲ್ ಕಥೆಯ ಉದ್ದಕ್ಕೂ ಹೆಚ್ಚು ಪ್ರಶ್ನೆ ಕೇಳಿದವಳು ಅವಳೇ.

ಲಿನೇಯಸ್ ಪ್ರಸಂಗ ಬಂದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. ಅವನ ಅಪ್ಪ ಟರ್ನರ್. ಅರ್ಧ ಇಂಚಿನ ಬೋಲ್ಟು, 12 ಮಿಲಿಮೀಟರಿನ ಬೋಲ್ಟು ಬೆರೆತುಹೋದರೆ ನೋಡಿದವರಿಗೆ ಒಂದೇ ಥರ ಕಾಣುತ್ತವೆ, ಆದರೆ ಥ್ರೆಡ್ ಬೇರೆ, ಒಂದರ ನಟ್ಟು ಇನ್ನೊಂದಕ್ಕೆ ಕೂರುವುದಿಲ್ಲ ಎಂದ. ಹೊಳಪು ಮಾಡಿದ ಬೋಲ್ಟು, ತುಕ್ಕು ಹಿಡಿದ ಬೋಲ್ಟು ಬೇರೆ ಬೇರೆ ಕಂಡರೂ ಥ್ರೆಡ್ ಒಂದೇ ಇದ್ದರೆ ಒಂದೇ ಡಬ್ಬಕ್ಕೆ ಹಾಕುತ್ತಾರೆ ಎಂದು ಇನ್ನೊಬ್ಬಳು ಸೇರಿಸಿದಳು. ಹೋಲಿಕೆಯೇ ನೆಂಟಸ್ತಿಕೆಯಲ್ಲ, ವ್ಯತ್ಯಾಸವೇ ಪರಕೀಯತೆಯಲ್ಲ ಎಂದು ನಾನು ಹೇಳಬೇಕೆಂದಿದ್ದ ಎರಡು ಮಾತುಗಳನ್ನು ಪೀಣ್ಯದ ಮಕ್ಕಳು ತಮ್ಮ ಮನೆಯ ಕಸುಬಿನಿಂದಲೇ ತೆಗೆದರು. ಬೋಲ್ಟಿಗೂ ಜೀವಿಗೂ ಒಂದು ವ್ಯತ್ಯಾಸವಿದೆ, ಬೋಲ್ಟು ಮರಿ ಹಾಕುವುದಿಲ್ಲ ಎಂದು ನಾನು ಹೇಳಿದ್ದಕ್ಕೆ ತರಗತಿ ನಕ್ಕಿತು. ಅಲ್ಲಿಂದ ಪ್ರಭೇದದ ವ್ಯಾಖ್ಯೆಗೆ ಹೋಗುವುದು ಸುಲಭವಾಯಿತು.

ಶಾಲೆಯ ಕಾಂಪೌಂಡಿನಲ್ಲಿ ಒಂದು ಕರಿಬೇವಿನ ಮರ ಇದೆ. ಬೆಲ್ ಮಾಡಿದ್ದನ್ನು ನಾವೂ ಮಾಡೋಣ ಎಂದು ಮಕ್ಕಳು ಎಲೆ ಮಗುಚಿ ಆರು ಮರಿಹುಳು ಹುಡುಕಿದರು. ಸಣ್ಣವು ಹಕ್ಕಿಯ ಹಿಕ್ಕೆಯಂತೆ, ದೊಡ್ಡವು ಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕೊಂಬು ಚಾಚಿ ಘಾಟು ವಾಸನೆ ಬಿಡುತ್ತಿದ್ದವು. ಪ್ಲಾಸ್ಟಿಕ್ ಡಬ್ಬಗಳಿಗೆ ಸೊಳ್ಳೆ ಪರದೆಯ ಬಟ್ಟೆ ಕಟ್ಟಿ, ದಿನಾ ಹೊಸ ಸೊಪ್ಪು ಹಾಕಿ, ಸರದಿಯ ಮೇಲೆ ಟಿಪ್ಪಣಿ ಬರೆದರು. ಒಂದು ಹುಳು ಸತ್ತಿತು. ಒಂದು ಕೋಶದಿಂದ ಸಣ್ಣ ಕಣಜಗಳು ಬಂದವು. ನಾಲ್ಕರಿಂದ ಚಿಟ್ಟೆ ಹೊರಬಂತು: ಮೂರಕ್ಕೆ ಬಿಳಿ ಪಟ್ಟೆ, ಒಂದಕ್ಕೆ ಕೆಂಪು ಚುಕ್ಕೆ. ಕೆಂಪು ಚುಕ್ಕೆಯದರ ಮೈ ಕಪ್ಪಗಿತ್ತು.

ತರಗತಿ ಚಪ್ಪಾಳೆ ತಟ್ಟಿತು. ಎರಡನೇ ಬೆಂಚಿನ ಹುಡುಗಿ ಮಾತ್ರ ಒಪ್ಪಲಿಲ್ಲ. ಒಂದೇ ಮರದ ಮೇಲೆ ಎರಡು ಬೇರೆ ಚಿಟ್ಟೆಗಳು ಮೊಟ್ಟೆ ಇಟ್ಟಿರಬಹುದಲ್ಲ ಎಂದು ಕೇಳಿದಳು. ಈ ಸಲ ನಾನು ಅಡ್ಡಗೆರೆ ಎಳೆಯಲಿಲ್ಲ. ಅವಳ ಆಕ್ಷೇಪ ನ್ಯಾಯವಾದದ್ದು. ನಮ್ಮ ಪ್ರಯೋಗ ಊಹೆಗೆ ಬಲ ಕೊಟ್ಟಿತೇ ಹೊರತು ಅದನ್ನು ಸಾಬೀತು ಮಾಡಲಿಲ್ಲ. ಒಂದೇ ತಾಯಿಯ ಮೊಟ್ಟೆಗಳನ್ನು ಬೇರೆ ಇಟ್ಟು ತಲೆಮಾರುಗಳವರೆಗೆ ಸಾಕಬೇಕು. ಸಿಲೋನಿನಲ್ಲಿ ಜೆ. ಸಿ. ಎಫ್. ಫ್ರೈಯರ್ ಇದೇ ಚಿಟ್ಟೆಯನ್ನು ಹಾಗೆ ವಂಶಾವಳಿ ಬರೆದು ಸಾಕಿ 1913ರಲ್ಲಿ ಫಲಿತಾಂಶ ಪ್ರಕಟಿಸಿದರು, ಹೆಣ್ಣಿನ ರೂಪಗಳು ಆನುವಂಶಿಕವಾಗಿ ಬರುತ್ತವೆಂದು ತೋರಿಸಿದರು. ಮುಂದೆ 2014ರಲ್ಲಿ ಕೃಷ್ಣಮೇಘ್ ಕುಂಟೆ ಮತ್ತು ಸಂಗಡಿಗರು ಈ ವೇಷದ ಹಿಂದೆ ಡಬಲ್‌ಸೆಕ್ಸ್ ಎಂಬ ಒಂದು ಜೀನ್ ಇದೆ ಎಂದು ಕಂಡುಕೊಂಡರು. ಕುಂಟೆ ಅವರ ಪ್ರಯೋಗಾಲಯ ಇರುವುದು ನಮ್ಮ ಬೆಂಗಳೂರಿನಲ್ಲೇ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಎಂದಾಗ ಮಕ್ಕಳು ನಂಬಲಾರದವರಂತೆ ನೋಡಿದರು. 1758ರ ಪೆಟ್ಟಿಗೆಯಲ್ಲಿ ಹುಟ್ಟಿದ ಪ್ರಶ್ನೆ ಅವರ ಊರಿನವರೆಗೂ ಬಂದಿತ್ತು.

ಬೋಧನಾಭ್ಯಾಸಕ್ಕೆ ಹೊರಡುವ ಗೆಳೆಯರಿಗೆ

ಈ ಅನುಭವದಿಂದ ನಾನು ಬದಲಿಸಿಕೊಂಡದ್ದು ಮೂರು. ಒಂದು, ವರ್ಗೀಕರಣದ ಚಟುವಟಿಕೆಯಲ್ಲಿ ಈಗ ಸರಿಯುತ್ತರದ ಕಾಲಮ್ಮಿನ ಪಕ್ಕ, ಅದು ನನಗೆ ಹೇಗೆ ಗೊತ್ತು ಎಂಬ ಇನ್ನೊಂದು ಕಾಲಮ್ ಇಡುತ್ತೇನೆ. ಅದು ಖಾಲಿ ಉಳಿದರೆ ಆ ಅಂಶಕ್ಕೆ ಅಂಕವಿಲ್ಲ, ಚರ್ಚೆ ಮಾತ್ರ. ಎರಡು, ಮಗುವಿನ ಉತ್ತರವನ್ನಲ್ಲ, ಕಾರಣವನ್ನು ಮೊದಲು ಓದುತ್ತೇನೆ. ಮೂರು, ವಿಜ್ಞಾನಿಯ ಜೀವನ ಹೇಳುವಾಗ ಹುಟ್ಟು, ಪದವಿ, ಪ್ರಶಸ್ತಿಗಳ ಪಟ್ಟಿ ಓದದೆ, ಅವರು ಯಾವ ಪ್ರಶ್ನೆಯ ಹಿಂದೆ ಹೋದರು, ಹೇಗೆ ಹೋದರು ಎಂಬುದನ್ನು ಹೇಳುತ್ತೇನೆ. ಬೆಲ್ ಜೀವನದಲ್ಲಿ ದೊಡ್ಡ ಘಟನೆಗಳಿಲ್ಲ. ಎಲೆ ಮಗುಚಿದ್ದೇ ಘಟನೆ. ಎರಡು ಅವಧಿ ಮಕ್ಕಳು ಅದನ್ನು ಕೇಳಿದರು.

ಹೊರಬಂದ ನಾಲ್ಕರಲ್ಲಿ ಮೂರನ್ನು ಹಾರಿಬಿಟ್ಟೆವು. ಬಿಳಿ ಪಟ್ಟೆಯ ಒಂದಕ್ಕೆ ರೆಕ್ಕೆ ಪೂರ್ತಿ ಬಿಚ್ಚಲಾಗಲಿಲ್ಲ, ಎರಡನೇ ದಿನ ಸತ್ತಿತು. ಅದನ್ನು ಮಕ್ಕಳು ಹಳೆಯ ಪೆಟ್ಟಿಗೆಯಲ್ಲಿ ಸೂಜಿಗೆ ಚುಚ್ಚಿಟ್ಟರು. ಕೆಳಗೆ ಸಣ್ಣ ಅಕ್ಷರದಲ್ಲಿ ಊರು ಪೀಣ್ಯ, ಹೊರಬಂದ ದಿನಾಂಕ, ತಿಂದ ಗಿಡ ಕರಿಬೇವು, ಸಾಕಿದವರು ಒಂಬತ್ತನೆಯ ತರಗತಿ ಎಂದು ಬರೆದರು. ಮುದುಡಿದ ರೆಕ್ಕೆಯ ಆ ಒಂದು ಚಿಟ್ಟೆಗೆ ಮಾತ್ರ ಈಗ ಪೆಟ್ಟಿಗೆಯಲ್ಲಿ ಚೀಟಿ ಇದೆ. ಉಳಿದವಕ್ಕೆ ನಾವು ಸುಳ್ಳು ಚೀಟಿ ಬರೆಯಲಿಲ್ಲ. ಮುಂದಿನ ತಂಡದವರು ಪೆಟ್ಟಿಗೆ ಒಯ್ಯುವಾಗ ಅದನ್ನು ಮೊದಲು ಓದಬೇಕೆಂದು ನನ್ನ ಕೋರಿಕೆ.